ಮುಂಗಡ ಸರ್ವಿಸ್ ಪ್ಯಾಕೇಜ್: ಸಹಿಗೆ ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ

ರಾಜಾನುಕುಂಟೆಯ ಒಂದೇ ಬಡಾವಣೆಯಲ್ಲಿ ಮೂರು ಹೊಸ ಕಾರುಗಳು ಅಕ್ಕಪಕ್ಕ ನಿಂತಿವೆ ಎಂದಿಟ್ಟುಕೊಳ್ಳಿ. ಒಂದು ದಿನಾ ಯಲಹಂಕಕ್ಕೆ ಹೋಗಿಬರುತ್ತದೆ, ಇನ್ನೊಂದು ನಾಗವಾರದ ಮಾನ್ಯತಾ ಟೆಕ್ ಪಾರ್ಕಿಗೆ, ಮತ್ತೊಂದು ವೈಟ್‌ಫೀಲ್ಡಿಗೆ. ಮೂವರಿಗೂ ಶೋರೂಮಿನವರು ಮಾರಿರುವುದು ಒಂದೇ ಮುಂಗಡ ಸರ್ವಿಸ್ ಪ್ಯಾಕೇಜ್: ಮೂರು ವರ್ಷ ಅಥವಾ 30,000 ಕಿಲೋಮೀಟರ್, ಯಾವುದು ಮೊದಲೋ ಅದು. ಮೂವರೂ ಕೊಟ್ಟಿರುವುದು ಒಂದೇ ದುಡ್ಡು. ಸಿಗುವುದು ಮಾತ್ರ ಒಂದೇ ಅಲ್ಲ.

ಯಲಹಂಕಕ್ಕೆ ಹೋಗಿಬರಲು ದಿನಕ್ಕೆ ಸುಮಾರು 20 ಕಿ.ಮೀ. ತಿಂಗಳಿಗೆ 25 ದಿನ ಎಂದರೆ 500, ವರ್ಷಕ್ಕೆ 6,000. ಮೂರು ವರ್ಷ ಮುಗಿದಾಗ ಮೀಟರ್ 18,000 ದಾಟಿರುವುದಿಲ್ಲ. ಮಾನ್ಯತಾಕ್ಕೆ ಹೋಗಿಬರಲು ಸುಮಾರು 40 ಕಿ.ಮೀ.; ತಿಂಗಳಿಗೆ 22 ಕೆಲಸದ ದಿನ ಹಿಡಿದರೆ ವರ್ಷಕ್ಕೆ ಹತ್ತೂವರೆ ಸಾವಿರದ ಹತ್ತಿರ. ವೈಟ್‌ಫೀಲ್ಡಿನವರದು ದಿನಕ್ಕೆ 80ರ ಆಸುಪಾಸು, ವರ್ಷಕ್ಕೆ 21,000. ಇವರ 'ಮೂರು ವರ್ಷ'ದ ಪ್ಯಾಕೇಜ್ ಹದಿನೇಳು ತಿಂಗಳಿಗೆ ಮುಗಿದುಹೋಗುತ್ತದೆ. ಮೂರು ವರ್ಷ ಬೆಲೆ ಏರಿಕೆಯ ಚಿಂತೆಯಿಲ್ಲ ಎಂದು ನಂಬಿ ಕೊಟ್ಟ ದುಡ್ಡು ಒಂದೂವರೆ ವರ್ಷವೂ ಬಾಳಲಿಲ್ಲ. ಯಲಹಂಕದವರ ಕಥೆ ಇದಕ್ಕೆ ಉಲ್ಟಾ: ಆಯಿಲ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ಸರಿ, ಆದರೆ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್‌ಗಳಂಥ ಸವೆಯುವ ಭಾಗಗಳಿಗೂ ಸೇರಿಸಿ ದುಡ್ಡು ಕೊಟ್ಟಿದ್ದರೆ, ಆ ಭಾಗಗಳು ಸವೆಯುವ ಮೊದಲೇ ಅವಧಿ ಮುಗಿಯುತ್ತದೆ. ಪ್ಯಾಕೇಜ್ ಹೊಲಿದಿರುವುದು ಮಾನ್ಯತಾಕ್ಕೆ ಹೋಗುವ ಕಾರಿನ ಅಳತೆಗೆ.

ಅಂದರೆ ಈ ವ್ಯಾಪಾರದಲ್ಲಿ ಲಾಭವೋ ನಷ್ಟವೋ ಎಂಬುದನ್ನು ಡಿಸ್ಕೌಂಟ್ ತೀರ್ಮಾನಿಸುವುದಿಲ್ಲ, ನಿಮ್ಮ ಓಡಾಟ ಮತ್ತು ಒಪ್ಪಂದದ ಸಣ್ಣಕ್ಷರದ ಷರತ್ತುಗಳು ತೀರ್ಮಾನಿಸುತ್ತವೆ. ಡೆಲಿವರಿ ದಿನ ಇವೆರಡನ್ನೂ ಯಾರೂ ನೋಡುವುದಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿದೆ, ಬಾನೆಟ್ ಮೇಲೆ ಹಾರ ಬಿದ್ದಿದೆ, ಮನೆಯವರೆಲ್ಲ ಫೋಟೋಗೆ ನಿಂತಿದ್ದಾರೆ. ಅಷ್ಟರಲ್ಲಿ 'ಸರ್, ಇಲ್ಲೊಂದು ಸೈನ್' ಎಂದು ಒಂದು ಹಾಳೆ ಬರುತ್ತದೆ.

ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ?

ಶೋರೂಮಿನ ಮೇಜಿನ ಮೇಲೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಸರಕುಗಳು ಒಂದೇ ಉಸಿರಿನಲ್ಲಿ ಮಾರಾಟವಾಗುತ್ತವೆ. ಎಕ್ಸ್‌ಟೆಂಡೆಡ್ ವಾರಂಟಿ ಎಂದರೆ ತಯಾರಿಕೆಯ ದೋಷದಿಂದ ಭಾಗ ಕೆಟ್ಟರೆ ಸರಿಪಡಿಸಿಕೊಡುವುದು. ಇನ್ಶೂರೆನ್ಸ್ ಅಪಘಾತ, ಕಳವು, ಪ್ರವಾಹಕ್ಕೆ. ಮುಂಗಡ ಸರ್ವಿಸ್ ಪ್ಯಾಕೇಜ್ ಎಂದರೆ ನಿಗದಿತ ಕಾಲಕ್ಕೆ ಮಾಡಲೇಬೇಕಾದ ಆಯಿಲ್, ಫಿಲ್ಟರ್ ಬದಲಾವಣೆಯ ದುಡ್ಡನ್ನು ಈಗಲೇ ಕೊಟ್ಟುಬಿಡುವುದು. ಇದರಲ್ಲಿ ರಿಪೇರಿ ಇಲ್ಲ, ಅಪಘಾತವೂ ಇಲ್ಲ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ನೀರು ನುಗ್ಗಿತಲ್ಲ, ಅಂಥ ನೀರಿನಲ್ಲಿ ಕಾರು ಮುಳುಗಿದರೆ ಸರ್ವಿಸ್ ಪ್ಯಾಕೇಜ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಎಂಜಿನ್‌ಗೆ ನೀರು ನುಗ್ಗಿದರೆ ಕೈಹಿಡಿಯುವುದು ಇನ್ಶೂರೆನ್ಸಿನ ಎಂಜಿನ್ ಪ್ರೊಟೆಕ್ಷನ್ ಆಡ್-ಆನ್, ಇಲ್ಲವೇ ಅದಕ್ಕೆಂದೇ ಕೆಲವು ಕಂಪನಿಗಳು ಪ್ರತ್ಯೇಕವಾಗಿ ಮಾರುವ ಕವಚ. 'ಎಲ್ಲಾ ಕವರ್ ಆಗುತ್ತೆ ಸರ್' ಎಂಬ ಮಾತಿಗೆ 'ಯಾವುದರಲ್ಲಿ?' ಎಂದು ಕೇಳಿ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು: ಮಾರುತ್ತಿರುವವರು ಯಾರು? ಕಂಪನಿಯೋ, ಡೀಲರೋ? ಟೊಯೊಟಾದ ಸ್ಮೈಲ್ಸ್ ಪ್ಲಸ್, ಹ್ಯುಂಡೈನ ಶೀಲ್ಡ್ ಆಫ್ ಟ್ರಸ್ಟ್, ಸ್ಕೋಡಾದ ಸೂಪರ್‌ಕೇರ್, ಫೋಕ್ಸ್‌ವ್ಯಾಗನ್‌ನ ಸರ್ವಿಸ್ ವ್ಯಾಲ್ಯೂ ಪ್ಯಾಕೇಜ್, ಟಾಟಾದ ವ್ಯಾಲ್ಯೂ ಕೇರ್ ಇವೆಲ್ಲ ಕಂಪನಿಯ ಹೆಸರಿನಲ್ಲಿ ಬರುವ ಯೋಜನೆಗಳು. ಇವುಗಳ ಜತೆಗೆ ಡೀಲರುಗಳು ತಮ್ಮದೇ ಹೆಸರಿನಲ್ಲಿ 'ಗೋಲ್ಡ್ ಕಾರ್ಡ್', 'ಲಾಯಲ್ಟಿ ಪ್ಯಾಕ್', 'ಎಎಂಸಿ' ಎಂದು ಮಾರುವುದುಂಟು. ಲೋಗೋ ಕಂಪನಿಯದೇ ಇರುತ್ತದೆ, ಒಪ್ಪಂದ ಮಾತ್ರ ಡೀಲರ್ ಜತೆ. ಹೆಬ್ಬಾಳದ ಡೀಲರ್ ಬಳಿ ಕೊಂಡ ಕಾರ್ಡನ್ನು ದೊಡ್ಡಬಳ್ಳಾಪುರದ ಅದೇ ಕಂಪನಿಯ ವರ್ಕ್‌ಶಾಪಿನಲ್ಲಿ ತೋರಿಸಿದರೆ ಅವರು ಕೈಯಾಡಿಸುತ್ತಾರೆ. ಅವರ ತಪ್ಪೂ ಅಲ್ಲ. ದುಡ್ಡು ಅವರಿಗೆ ಬಂದಿಲ್ಲ.

ಡೀಲರ್ ಅಂಗಡಿ ಮುಚ್ಚಿದರೆ? ಅದೇನು ಅಪರೂಪದ ಸಂಗತಿಯಲ್ಲ. ಕಂಪನಿಗಳೇ ಹೊರನಡೆದದ್ದುಂಟು: 2017ರ ಕೊನೆಗೆ ಶೆವ್ರೊಲೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ಕೈಬಿಡುವುದಾಗಿ ಘೋಷಿಸಿತು. ಕಂಪನಿ ಹೋದರೂ ಸರ್ವಿಸ್ ಕೊಡುವ ಹೊಣೆಯನ್ನು ಒಂದಷ್ಟು ಕಾಲ ಉಳಿಸಿಕೊಳ್ಳುತ್ತದೆ. ಡೀಲರ್ ಕೈಬದಲಾದರೆ ಅವನ ಸ್ವಂತ ಕಾರ್ಡಿಗೆ ಹೊಸ ಮಾಲೀಕ ಹೊಣೆಯಾಗಬೇಕೆಂದೇನೂ ಇಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ರಸೀದಿಯಲ್ಲಿ ಯಾರ ಹೆಸರು, ಯಾರ ಜಿಎಸ್‌ಟಿ ನಂಬರ್ ಇದೆ ನೋಡಿ. ಆದರೆ ಕಂಪನಿಯ ಪ್ಯಾಕೇಜಿಗೂ ಬಿಲ್ ಡೀಲರ್ ಹೆಸರಿನಲ್ಲೇ ಬರಬಹುದಾದ್ದರಿಂದ ಅಷ್ಟಕ್ಕೇ ನಿಲ್ಲಬೇಡಿ. ದುಡ್ಡು ಕೊಟ್ಟ ಮೂರು ನಾಲ್ಕು ದಿನಕ್ಕೆ ಅದೇ ಕಂಪನಿಯ ಬೇರೊಬ್ಬ ಡೀಲರಿನ ಸರ್ವಿಸ್ ಕೌಂಟರಿಗೆ ಫೋನ್ ಮಾಡಿ, ಕಾರಿನ ಛಾಸಿ ನಂಬರ್ ಹೇಳಿ, 'ನನ್ನ ಗಾಡಿ ಮೇಲೆ ಪ್ಯಾಕೇಜ್ ತೋರಿಸುತ್ತಿದೆಯಾ, ಎಲ್ಲಿಯವರೆಗೆ?' ಎಂದು ವಿಚಾರಿಸಿ. ಅವರ ಕಂಪ್ಯೂಟರಿನಲ್ಲಿ ಕಂಡರೆ ಅದು ಕಂಪನಿಯದು. ಕಾಣದಿದ್ದರೆ ಕೇಳಲು ನಿಮಗಿನ್ನೂ ಸಮಯವಿದೆ.

'ಚೆಕ್' ಮತ್ತು 'ಚೇಂಜ್' ನಡುವಿನ ದೂರ

ಕಾರಿನ ಜತೆ ಕೊಡುವ ಓನರ್ಸ್ ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಸರ್ವಿಸ್ ವೇಳಾಪಟ್ಟಿಯ ಕೋಷ್ಟಕವಿರುತ್ತದೆ. ಎಡಕ್ಕೆ ಭಾಗಗಳ ಹೆಸರು, ಮೇಲೆ ಕಿಲೋಮೀಟರ್, ಮನೆಗಳಲ್ಲಿ ಒಂದೊಂದೇ ಅಕ್ಷರ: ಪರೀಕ್ಷೆಗೆ 'ಐ', ಬದಲಾವಣೆಗೆ 'ಆರ್'. ಪ್ಯಾಕೇಜಿನ ಕರಪತ್ರದಲ್ಲಿ 'ಬ್ರೇಕ್, ಕ್ಲಚ್, ಬೆಲ್ಟ್, ಬ್ಯಾಟರಿ ಸೇರಿ 40 ಅಂಶಗಳು' ಎಂದಿದ್ದರೆ, ಅದರಲ್ಲಿ ಮುಕ್ಕಾಲು ಪಾಲು 'ಐ' ಇರುವ ಸಾಧ್ಯತೆ ಹೆಚ್ಚು. ಅಂದರೆ ಹುಡುಗನೊಬ್ಬ ಟಾರ್ಚ್ ಬಿಟ್ಟು ನೋಡಿ ಟಿಕ್ ಹಾಕುತ್ತಾನೆ. ಬದಲಾಯಿಸಬೇಕು ಎಂದು ಅವನೇ ಬರೆದರೂ ಅದರ ದುಡ್ಡು ನಿಮ್ಮದು.

ಮಾಮೂಲಿ ಪ್ಯಾಕೇಜಿನಲ್ಲಿ ನಿಜವಾಗಿ ಬದಲಾಗುವುದು ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ವಾಷರ್, ಕಾಲಕಾಲಕ್ಕೆ ಏರ್ ಫಿಲ್ಟರ್, ಎಸಿ ಫಿಲ್ಟರ್, ಬ್ರೇಕ್ ಫ್ಲೂಯಿಡ್. ಪೆಟ್ರೋಲ್ ಕಾರಾದರೆ ಅವಧಿಗೆ ತಕ್ಕಂತೆ ಸ್ಪಾರ್ಕ್ ಪ್ಲಗ್, ಡೀಸೆಲ್ಲಾದರೆ ಫ್ಯೂಯಲ್ ಫಿಲ್ಟರ್. ಟಯರ್, ಬ್ಯಾಟರಿ, ಎಸಿ ಗ್ಯಾಸ್ ಬಹುತೇಕ ಎಲ್ಲದರಲ್ಲೂ ಹೊರಗೆ. ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಕೆಲವರಲ್ಲಿ ಒಳಗೆ, ಹಲವರಲ್ಲಿ ಹೊರಗೆ. ಎರಡು ಸರ್ವಿಸ್ ನಡುವೆ ಆಯಿಲ್ ಇಳಿದು ಟಾಪ್-ಅಪ್ ಬೇಕಾದರೆ ಅದೂ ಹೊರಗೆ. ಬಿಲ್ಲಿನಲ್ಲಿ 'ಕನ್ಸ್ಯೂಮಬಲ್ಸ್' ಎಂದು ಬರುವ ಬಟ್ಟೆ, ಗ್ರೀಸ್, ಕ್ಲೀನರ್ ವೆಚ್ಚ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಕೇಳಿದವರಿಗಷ್ಟೇ ಉತ್ತರ ಸಿಗುತ್ತದೆ.

ಆಯಿಲ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ 0ಡಬ್ಲ್ಯೂ-20ರಂಥ ತೆಳು ಆಯಿಲ್ ಬೇಕು. ಸಣ್ಣ ಎಂಜಿನ್‌ಗೆ ಮೂರೂವರೆ ಲೀಟರ್ ಆಸುಪಾಸು ಹಿಡಿಯುತ್ತದೆ. ಒಪ್ಪಂದದಲ್ಲಿ ಬರೀ 'ಎಂಜಿನ್ ಆಯಿಲ್' ಎಂದಿದ್ದು ಗ್ರೇಡ್ ಇಲ್ಲದಿದ್ದರೆ, ವರ್ಕ್‌ಶಾಪಿನಲ್ಲಿ 'ನಿಮ್ಮ ಪ್ಯಾಕೇಜಿನಲ್ಲಿರೋದು ಮಿನರಲ್ ಸರ್, ಸಿಂಥೆಟಿಕ್ ಬೇಕಂದ್ರೆ ಡಿಫರೆನ್ಸ್ ಕೊಡಬೇಕು' ಎಂಬ ಮಾತಿಗೆ ಜಾಗವಾಗುತ್ತದೆ. ಗ್ರೇಡ್ ಮತ್ತು ಲೀಟರ್ ಎರಡನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಮ್ಯಾನುಯಲ್‌ನ ಆ ಪುಟ ತೋರಿಸಿ, ವಾಟ್ಸಾಪಿನಲ್ಲಾದರೂ 'ಹೌದು' ಎನಿಸಿಕೊಳ್ಳಿ. ಮುಂದೆ ತಕರಾರು ಬಂದರೆ ಆ ಒಂದು ಮೆಸೇಜು ಬಾಯಿಮಾತಿನ ಹತ್ತು ಭರವಸೆಗಿಂತ ತೂಕದ್ದು.

ಸವೆಯುವ ಭಾಗಗಳನ್ನೂ ಒಳಗೊಂಡ ದುಬಾರಿ ಪ್ಯಾಕೇಜುಗಳಿವೆ. ಕ್ಲಚ್ ಮೇಲೆ ಕಾಲಿಟ್ಟೇ ಹೆಬ್ಬಾಳ ಫ್ಲೈಓವರ್ ದಾಟುವವರಿಗೆ ಇದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಅಲ್ಲೂ ಒಂದು ಗೆರೆಯಿದೆ. ಭಾಗ ಸವೆದು ಕಂಪನಿ ಹೇಳಿದ ಕನಿಷ್ಠ ಮಿತಿ ಮುಟ್ಟಿದ ಮೇಲಷ್ಟೇ ಬದಲಾವಣೆ. ಹೊಸ ಬ್ರೇಕ್ ಪ್ಯಾಡಿನ ದಪ್ಪ ಹೆಚ್ಚೂ ಕಡಿಮೆ 10 ಮಿಲಿಮೀಟರ್. ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಬದಲಾಯಿಸುತ್ತಾರೆ. ಪ್ಯಾಕೇಜಿನ ಕೊನೆಯ ಸರ್ವಿಸ್‌ನಲ್ಲಿ ನಿಮ್ಮ ಪ್ಯಾಡ್ 4 ಮಿ.ಮೀ. ಇದ್ದರೆ 'ಓಕೆ' ಎಂದು ಬರೆಯುತ್ತಾರೆ. ಮೂರು ತಿಂಗಳು ಬಿಟ್ಟು ಅದು ಕಿರ್ ಎನ್ನತೊಡಗಿದಾಗ ಪ್ಯಾಕೇಜ್ ಮುಗಿದಿರುತ್ತದೆ. ವೈಟ್‌ಫೀಲ್ಡಿನ ಕಾರಿಗೆ ಆಗುವುದು ಇದೇ: ಸವೆತ ಶುರುವಾಗುವ ಹೊತ್ತಿಗೆ ಕಿಲೋಮೀಟರ್ ಮಿತಿ ಕೈಕೊಡುತ್ತದೆ. ಕ್ಲಚ್ ವಿಷಯದಲ್ಲಿ 'ಚಾಲಕನ ತಪ್ಪು ಬಳಕೆ' ಎಂಬ ಇನ್ನೊಂದು ವಿನಾಯಿತಿಯನ್ನೂ ಸೇರಿಸಿರುತ್ತಾರೆ. ತಪ್ಪು ಬಳಕೆಯೋ ಅಲ್ಲವೋ ಎಂದು ತೀರ್ಮಾನಿಸುವವರು ಅವರೇ.

ನಮ್ಮ ಕಡೆಯ ಧೂಳು

ಮ್ಯಾನುಯಲ್‌ನ ಅದೇ ಪುಟಗಳಲ್ಲಿ ಎರಡನೆಯ ಕೋಷ್ಟಕವೊಂದಿರುತ್ತದೆ, ಕಠಿಣ ಬಳಕೆಯ ಕಾರುಗಳಿಗೆ. ಧೂಳಿನ ರಸ್ತೆ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಪುಟ್ಟ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್, ಭಾರ ಎಳೆಯುವುದು ಇವೆಲ್ಲ ಆ ವರ್ಗಕ್ಕೆ ಬರುತ್ತವೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಜಲ್ಲಿ, ಎಂ-ಸ್ಯಾಂಡ್ ಲಾರಿಗಳ ಹಿಂದೆ ಸಾಗಿ, ಹೊಸ ಲೇಔಟಿನ ಡಾಂಬರು ಕಾಣದ ಅಡ್ಡರಸ್ತೆಗೆ ತಿರುಗಿ, ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ತರಕಾರಿಗೆಂದು ಸರ್ಕಲ್ಲಿಗೆ ಬರುವ ಕಾರು ಇದರಲ್ಲಿ ಒಂದಲ್ಲ, ಮೂರು ಷರತ್ತು ಪೂರೈಸುತ್ತದೆ. ಅಂಥ ಕಾರಿಗೆ ಏರ್ ಫಿಲ್ಟರ್, ಎಸಿ ಫಿಲ್ಟರ್, ಎಂಜಿನ್ ಆಯಿಲ್ ಬೇಗ ಬದಲಿಸಬೇಕು ಎಂದು ಕಂಪನಿಯೇ ಹೇಳುತ್ತದೆ.

ಪ್ಯಾಕೇಜ್ ಮಾತ್ರ ಲೆಕ್ಕ ಹಾಕಿರುವುದು ಮೊದಲ ಕೋಷ್ಟಕಕ್ಕೆ. ನಡುವೆ ಫಿಲ್ಟರ್ ಕಟ್ಟಿಕೊಂಡರೆ 'ಅದು ಡ್ಯೂ ಆಗಿಲ್ಲ ಸರ್, ಪೇಯ್ಡ್ ಆಗುತ್ತೆ' ಎನ್ನುತ್ತಾರೆ. ಮಲ್ಲೇಶ್ವರದ ಕಾರಿಗೂ ಮಧುರೆ ರಸ್ತೆಯ ಕಾರಿಗೂ ಒಂದೇ ಪಟ್ಟಿ. ನನ್ನ ಮಟ್ಟಿಗೆ ರಾಜಾನುಕುಂಟೆ, ಸಿಂಗನಾಯಕನಹಳ್ಳಿ, ಹೆಸರಘಟ್ಟ ಕಡೆಯವರಿಗೆ ಈ ಪ್ಯಾಕೇಜುಗಳ ದೊಡ್ಡ ಕೊರತೆ ಇದೇ. ಯಾವ ಸಣ್ಣಕ್ಷರದಲ್ಲೂ ಇದು ಕಾಣದು. ಏರ್ ಫಿಲ್ಟರನ್ನು ಬಾನೆಟ್ ಎತ್ತಿ ನಾಲ್ಕು ಕ್ಲಿಪ್ ತೆಗೆದು ನೀವೇ ನೋಡಬಹುದು. ಎಸಿ ಫಿಲ್ಟರ್ ಹಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಎರಡನ್ನೂ ಬಿಡಿಯಾಗಿ ಕೊಂಡು ಹಾಕಿಕೊಂಡರೆ ಆಗುವ ಖರ್ಚು ದೊಡ್ಡದಲ್ಲ. ಅದನ್ನು ಪ್ಯಾಕೇಜಿನಿಂದ ನಿರೀಕ್ಷಿಸುವುದಷ್ಟೇ ತಪ್ಪು.

ತಾರೀಕು ತಪ್ಪಿದರೆ

ಪ್ರತಿ ಸರ್ವಿಸ್‌ಗೂ ಒಂದು ಕಿಟಕಿಯಿರುತ್ತದೆ: ಇಷ್ಟು ದಿನ ಅಥವಾ ಇಷ್ಟು ಕಿ.ಮೀ. ಹಿಂದೆ ಮುಂದೆ. ಅದು ದಾಟಿದರೆ ಆ ಸರ್ವಿಸ್ ಹೋಯಿತು. ಮುಂದಿನದಕ್ಕೆ ಸೇರಿಸುವುದಿಲ್ಲ, ದುಡ್ಡೂ ವಾಪಸಿಲ್ಲ. ಕೆಲವು ಒಪ್ಪಂದಗಳಲ್ಲಿ ಒಂದು ತಪ್ಪಿದರೆ ಉಳಿದವೂ ರದ್ದು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋದ ಅಪ್ಪ-ಅಮ್ಮನ ಕಾರು ಗೇಟಿನೊಳಗೆ ನಿಂತೇ ಇರುತ್ತದೆ, ಕ್ಯಾಲೆಂಡರ್ ನಿಲ್ಲುವುದಿಲ್ಲ. ಮಾರುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಬಳಕೆಯಾಗದೆ ಉಳಿದ ಸರ್ವಿಸ್ ಅವರಿಗೆ ಖರ್ಚಿಲ್ಲದ ಆದಾಯ.

ಅವಧಿ ಯಾವ ದಿನದಿಂದ ಶುರು ಎಂಬುದೂ ನೋಡಬೇಕಾದ ಸಂಗತಿ. ಕಾರು ಡೆಲಿವರಿಯಾದ ದಿನದಿಂದಲೋ, ಪ್ಯಾಕೇಜ್ ಕೊಂಡ ದಿನದಿಂದಲೋ? ವರ್ಷ ಕಳೆದ ಮೇಲೆ ಪ್ಯಾಕೇಜ್ ಕೊಂಡವರಿಗೆ 'ಮೂರು ವರ್ಷ' ಎಂದು ಹೇಳಿ, ಡೆಲಿವರಿ ದಿನದಿಂದ ಎಣಿಸಿದರೆ ಕೈಗೆ ಸಿಗುವುದು ಎರಡೇ ವರ್ಷ.

ಇನ್ನು 'ಫ್ರೀ ಸರ್ವಿಸ್'. ಹೊಸ ಕಾರಿನ ಮೊದಲ ಎರಡು ಮೂರು ಸರ್ವಿಸ್‌ಗೆ ಲೇಬರ್ ಚಾರ್ಜ್ ಹೇಗೂ ಇರುವುದಿಲ್ಲ. ಆಯಿಲ್, ಫಿಲ್ಟರಿಗೆ ಮಾತ್ರ ದುಡ್ಡು. ಪ್ಯಾಕೇಜ್ ಮಾರುವಾಗ 'ಬಿಡಿಯಾಗಿ ಮಾಡಿಸಿದರೆ ಇಷ್ಟು, ನಮ್ಮಲ್ಲಿ ಇಷ್ಟು' ಎಂದು ಪಟ್ಟಿ ತೋರಿಸುತ್ತಾರಲ್ಲ, ಆ 'ಬಿಡಿ' ಕಾಲಂನಲ್ಲಿ ಈ ಉಚಿತ ಲೇಬರಿಗೂ ರೇಟು ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಉಳಿತಾಯ ಕಾಗದದ ಮೇಲಿನದು.

ಒಂದು ಊಹೆಯ ಲೆಕ್ಕ ಇಟ್ಟುಕೊಳ್ಳೋಣ. ಮೂರು ಸರ್ವಿಸ್‌ಗೆ ಪ್ಯಾಕೇಜ್ 21,000 ರೂ. ಬಿಡಿಯಾಗಿ 7,500, 6,000, 9,500, ಒಟ್ಟು 23,000. ಉಳಿತಾಯ 2,000. ಬಿಡಿ ಬೆಲೆಯಲ್ಲಿ ಉಚಿತವಾಗಿ ಸಿಗಬೇಕಿದ್ದ ಲೇಬರ್ 1,500 ಸೇರಿದ್ದರೆ ಉಳಿದದ್ದು 500. ಒಂದು ಸರ್ವಿಸ್ ತಪ್ಪಿತೋ, ಆರೇಳು ಸಾವಿರ ನಷ್ಟ. ನಿಮ್ಮ ಕಾರಿನ ನಿಜವಾದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಹಲವು ಕಂಪನಿಗಳ ಜಾಲತಾಣದಲ್ಲಿ ಸರ್ವಿಸ್ ವೆಚ್ಚದ ಕ್ಯಾಲ್ಕ್ಯುಲೇಟರ್ ಇದೆ, ಇಲ್ಲದಿದ್ದರೆ ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ಕೇಳಿದರೆ ಕೊಡುತ್ತಾರೆ.

ಸಾಲದ ಕಾರಿನಲ್ಲಿ ಇನ್ನೊಂದು ಪದರವಿದೆ. ಆನ್-ರೋಡ್ ಬೆಲೆಯೊಳಗೆ ಪ್ಯಾಕೇಜನ್ನೂ ಸೇರಿಸಿ ಲೋನ್ ಮಾಡಿಸಿಬಿಡುತ್ತಾರೆ, 'ತಿಂಗಳಿಗೆ ಐನೂರು ಜಾಸ್ತಿ ಅಷ್ಟೇ' ಎಂದು. 25,000 ರೂ. ಪ್ಯಾಕೇಜಿಗೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 519 ರೂ. ಒಟ್ಟು ಕಟ್ಟುವುದು 31,000 ದಾಟುತ್ತದೆ. ಮೂರು ವರ್ಷಕ್ಕೆ ಮುಗಿದ ಪ್ಯಾಕೇಜಿಗೆ ಇನ್ನೆರಡು ವರ್ಷ ಕಂತು.

ಬೆಲೆ ಏರಿಕೆಯಿಂದ ರಕ್ಷಣೆ ಎಂಬುದು ಮಾರುವವರ ಮುಖ್ಯ ಮಾತು. ಸರ್ವಿಸ್ ಬೆಲೆ ಏರುವುದೇ ಹೆಚ್ಚು, ನಿಜ. ಆದರೆ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಬೆಲೆ ಇಳಿಯುವುದೂ ಉಂಟು, ಇಳಿದಾಗ ಮುಂಗಡ ಕೊಟ್ಟವರ ಕೈಗೆ ವ್ಯತ್ಯಾಸ ತಾನಾಗಿ ಬರುವುದಿಲ್ಲ. ಆ ತಾರೀಕಿಗೆ ಹಿಂದಿನ ರೇಟ್ ಕಾರ್ಡ್ ಹಿಡಿದು ಯಾರಾದರೂ ಇಂದಿಗೂ ಉಳಿತಾಯ ತೋರಿಸಿದರೆ, ಬಿಡಿಭಾಗದ ಇಂದಿನ ಎಂಆರ್‌ಪಿ ಕೇಳಿ.

ಕಾರು ಮಾರಿದರೆ, ಕಳೆದರೆ

ರದ್ದತಿಯ ಷರತ್ತು ಓದದೆ ಸಹಿ ಹಾಕಲೇಬಾರದು. ಕೆಲವು ಪ್ಯಾಕೇಜುಗಳಿಗೆ ರದ್ದತಿಯೇ ಇಲ್ಲ. ಇದ್ದರೂ ಲೆಕ್ಕ ಹೀಗಿರುತ್ತದೆ: ಬಳಸಿದ ಸರ್ವಿಸ್‌ಗಳನ್ನು ಪ್ಯಾಕೇಜ್ ದರದಲ್ಲಲ್ಲ, ಬಿಡಿ ದರದಲ್ಲಿ ಕಳೆಯುತ್ತಾರೆ; ಮೇಲೆ ರದ್ದತಿ ಶುಲ್ಕ. ಮೇಲಿನ ಉದಾಹರಣೆಯಲ್ಲೇ ಒಂದು ಸರ್ವಿಸ್ ಆದ ಮೇಲೆ ರದ್ದು ಮಾಡಿದರೆ 21,000ದಲ್ಲಿ 7,500 ಹೋಗಿ, ಶುಲ್ಕ ಶೇ. 10 ಇದ್ದರೆ ಇನ್ನೂ 2,100 ಹೋಗಿ, ಕೈಗೆ 11,400. ಅದನ್ನೂ ಕೆಲವರು ದುಡ್ಡಾಗಿ ಕೊಡದೆ ಅವರಲ್ಲೇ ಬಳಸಬೇಕಾದ ಕ್ರೆಡಿಟ್ ಆಗಿ ಕೊಡುತ್ತಾರೆ.

ಕಾರು ಮಾರಿದರೆ ಉಳಿದ ಸರ್ವಿಸ್ ಹೊಸ ಮಾಲೀಕರಿಗೆ ಹೋಗುತ್ತದೆಯೇ? ಪ್ಯಾಕೇಜ್ ಕಾರಿನ ಛಾಸಿ ನಂಬರಿಗೆ ಅಂಟಿದ್ದರೆ ಸಾಮಾನ್ಯವಾಗಿ ಹೋಗುತ್ತದೆ, ಆಗ ಮಾರುವಾಗ ಅದಕ್ಕೂ ಬೆಲೆ ಕೇಳಬಹುದು. ಗ್ರಾಹಕರ ಹೆಸರಿಗೆ ಅಂಟಿದ್ದರೆ ಅಲ್ಲಿಗೆ ಮುಗಿಯಿತು. ಅಪಘಾತದಲ್ಲಿ ಕಾರು ಪೂರ್ತಿ ನಷ್ಟವಾದರೆ, ಕಳವಾದರೆ ಏನು ಎಂಬ ಸಾಲು ಇದೆಯೋ ಇಲ್ಲವೋ ಹುಡುಕಿ.

ಹಳದಿ ಬೋರ್ಡಿನವರಿಗೆ ಬೇರೆಯೇ ಸಂಕಟ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ಎಷ್ಟೋ ಮಂದಿ ಈ ಭಾಗದಲ್ಲಿದ್ದಾರೆ. ಹಲವು ಪ್ಯಾಕೇಜುಗಳಲ್ಲಿ ವಾಣಿಜ್ಯ ಬಳಕೆಯ ಕಾರು ಹೊರಗೆ. ಬಿಳಿ ಬೋರ್ಡಿನಲ್ಲಿ ಕೊಂಡು ಆಮೇಲೆ ಹಳದಿಗೆ ಬದಲಾಯಿಸಿದರೂ ರದ್ದು. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದರೂ ಅಷ್ಟೇ.

ಪಿಕಪ್-ಡ್ರಾಪ್ ಉಚಿತ ಎಂದಿದ್ದರೆ ಎಷ್ಟು ದೂರದವರೆಗೆ ಎಂದು ಕೇಳಿ. ನಗರದೊಳಗಿನ ವರ್ಕ್‌ಶಾಪುಗಳ ಮಿತಿಯೊಳಗೆ ರಾಜಾನುಕುಂಟೆ ಬೀಳದೇ ಹೋಗಬಹುದು.

ಪ್ಯಾಕೇಜಿನ ಅಸಲಿ ಉದ್ದೇಶ

ಹೊಸ ಕಾರು ಮಾರಿ ಡೀಲರಿಗೆ ಸಿಗುವ ಮಾರ್ಜಿನ್ ತೆಳು. ಗಟ್ಟಿ ಆದಾಯ ವರ್ಕ್‌ಶಾಪಿನಿಂದ. ಮುಂಗಡ ಪ್ಯಾಕೇಜ್ ನಿಮ್ಮ ಕಾರನ್ನು ವರ್ಷವರ್ಷವೂ ಅದೇ ವರ್ಕ್‌ಶಾಪಿಗೆ ಕರೆತರುತ್ತದೆ. ಬಂದ ಮೇಲೆ ಸರ್ವಿಸ್ ಅಡ್ವೈಸರ್ ಕೈಯಲ್ಲಿನ ಟ್ಯಾಬ್‌ನಲ್ಲಿ ಬೇರೆಯದೇ ಪಟ್ಟಿ ತೆರೆಯುತ್ತದೆ: ಎಸಿ ಡಿಸಿನ್ಫೆಕ್ಷನ್, ಎಂಜಿನ್ ಡೀಕಾರ್ಬನೈಸಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಟೆಫ್ಲಾನ್ ಕೋಟಿಂಗ್, ಇಲಿ ಬರದಂತೆ ಸ್ಪ್ರೇ. 'ಸರ್ವಿಸ್ ಹೆಂಗಿದ್ರೂ ಫ್ರೀ ಅಲ್ವಾ ಸರ್, ಇದೊಂದು ಮಾಡಿಸಿಬಿಡಿ.' ಬಿಲ್ಲು ನಾಲ್ಕು ಸಾವಿರ. ಹತ್ತು ಸಾವಿರ ಕಿ.ಮೀ. ಓಡಿದ ಕಾರಿಗೆ ಇವುಗಳಲ್ಲಿ ಹೆಚ್ಚಿನವು ಬೇಡ. ಕಂಪನಿಯ ವೇಳಾಪಟ್ಟಿಯಲ್ಲಿ ಇಲ್ಲದ್ದನ್ನು ಬೇಡ ಎಂದರೆ ವಾರಂಟಿಗೆ ಏನೂ ಆಗುವುದಿಲ್ಲ. ಜಾಬ್ ಕಾರ್ಡಿಗೆ ಸಹಿ ಹಾಕುವಾಗಲೇ 'ಪ್ಯಾಕೇಜಿನಲ್ಲಿ ಇರುವುದು ಮಾತ್ರ. ಬೇರೆ ಯಾವುದಕ್ಕೂ ಫೋನ್ ಮಾಡಿ ಕೇಳದೆ ಕೈಹಾಕಬೇಡಿ' ಎಂದು ಬರೆಯಿಸಿ. ಬದಲಾಯಿಸಿದ ಹಳೆಯ ಫಿಲ್ಟರನ್ನು ತೋರಿಸಲು ಹೇಳಿ. ಸಂಕೋಚ ಬೇಡ, ದಿನಕ್ಕೆ ಹತ್ತು ಜನ ಕೇಳುತ್ತಾರೆ.

'ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ' ಎಂಬ ಹೆದರಿಕೆಯೂ ಪ್ಯಾಕೇಜ್ ಮಾರಾಟದ ಬೆನ್ನೆಲುಬು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂ. ದಂಡ ಹಾಕಿದಾಗ ಇದೇ ವಿಷಯವನ್ನು ಎತ್ತಿಕೊಂಡಿತ್ತು. ಬಿಡಿಭಾಗ, ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಂಪನಿಗಳು ತಡೆದಿವೆ ಎಂಬುದು ಆಕ್ಷೇಪ. ಹೊರಗೆ ಸರ್ವಿಸ್ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. ಆ ಆದೇಶ ಮೇಲ್ಮನವಿಗೆ ಹೋಯಿತು, ದಂಡದ ಲೆಕ್ಕ ಬದಲಾಯಿತು. ಆದ್ದರಿಂದ ಅದೊಂದನ್ನೇ ನೆಚ್ಚಿ ವಾರಂಟಿ ಅವಧಿಯಲ್ಲಿ ಸರ್ಕಲ್ಲಿನ ಗ್ಯಾರೇಜಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನೂಸನ್-ಮಾಸ್ ಕಾಯ್ದೆ ಇಂಥ ಕಟ್ಟುಪಾಡನ್ನು ಹಿಂದೆಯೇ ತಡೆದಿದೆ. ನಮ್ಮಲ್ಲಿ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಇವೆ. ಆದರೆ ಒಂದಂತೂ ಖಚಿತ: ವಾರಂಟಿ ಉಳಿಯಲು ನಿಗದಿತ ಸರ್ವಿಸ್ ಮಾಡಿಸಬೇಕೇ ಹೊರತು ಮುಂಗಡ ಪ್ಯಾಕೇಜ್ ಕೊಳ್ಳಬೇಕಿಲ್ಲ. ಎರಡನ್ನೂ ಗಂಟು ಹಾಕಿ ಮಾತಾಡುವವರನ್ನು ಅಲ್ಲೇ ನಿಲ್ಲಿಸಿ.

ತಕರಾರು ಬಂದರೆ

ಪ್ಯಾಕೇಜ್ ಕೊಂಡರೆ ಮಾತ್ರ ಕಾರು ಬೇಗ ಸಿಗುತ್ತದೆ ಎಂದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(41) ಹೇಳುವ ನಿರ್ಬಂಧಕ ವ್ಯಾಪಾರ ಪದ್ಧತಿಯ ಹತ್ತಿರ ಬರುತ್ತದೆ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತು ಅಲ್ಲಿ ಸ್ಪಷ್ಟವಾಗಿ ಹೆಸರಿಸಿರುವ ತಪ್ಪು. ಏಕಪಕ್ಷೀಯವಾಗಿ ರದ್ದು ಮಾಡುವ ಹಕ್ಕು, ನಷ್ಟಕ್ಕೆ ತಾಳೆಯಾಗದ ದಂಡ ಇವು ಸೆಕ್ಷನ್ 2(46)ರ 'ಅನ್ಯಾಯದ ಒಪ್ಪಂದ'ಕ್ಕೆ ಸೇರುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಒಪ್ಪಂದವೇ ಅನ್ಯಾಯದ್ದು ಎಂಬ ದೂರನ್ನು ಕೇಳುವುದು ರಾಜ್ಯ ಆಯೋಗ, ಜಿಲ್ಲಾ ಆಯೋಗವಲ್ಲ. ಕೊಡಬೇಕಾದ ಸರ್ವಿಸ್ ಕೊಡಲಿಲ್ಲ, ಹೇಳಿದ್ದೊಂದು ಕೊಟ್ಟದ್ದೊಂದು ಎಂದಾದರೆ ಜಿಲ್ಲಾ ಆಯೋಗ ಸಾಕು, ಮತ್ತು ಹೆಚ್ಚಿನ ತಕರಾರುಗಳು ಇದೇ ಬಗೆಯವು.

ಮೊದಲ ಮೆಟ್ಟಿಲು ಡೀಲರಿಗೆ ಇ-ಮೇಲ್, ಕಂಪನಿಯ ಗ್ರಾಹಕ ವಿಭಾಗಕ್ಕೆ ಪ್ರತಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಹೇಳಿಕೊಳ್ಳಬಹುದು. ಎಷ್ಟೋ ಪ್ರಕರಣಗಳು ಇಲ್ಲೇ ಮುಗಿಯುತ್ತವೆ, ಕಂಪನಿಗಳಿಗೆ ದಾಖಲೆ ಬೆಳೆಯುವುದು ಇಷ್ಟವಿಲ್ಲ. ಅಲ್ಲೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ಶೋರೂಮ್ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿ ದೂರು ಕೊಡುವ ಹಕ್ಕಿದೆ. ರಾಜಾನುಕುಂಟೆ ಯಲಹಂಕ ತಾಲ್ಲೂಕು, ಬೆಂಗಳೂರು ನಗರ ಜಿಲ್ಲೆ. ಇಲ್ಲಿನ ಜಿಲ್ಲಾ ಆಯೋಗಗಳು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ವಕೀಲರು ಕಡ್ಡಾಯವಲ್ಲ.

'ವಿವಾದವಿದ್ದರೆ ಮಧ್ಯಸ್ಥಗಾರರ ಮುಂದೆ ಮಾತ್ರ' ಎಂಬ ಸಾಲು ಒಪ್ಪಂದದಲ್ಲಿದೆಯೆಂದು ಕೈಚೆಲ್ಲಬೇಡಿ. ಮನೆ ಖರೀದಿದಾರರ ಜಗಳವೊಂದರಲ್ಲಿ, ಎಮ್ಮಾರ್ ಎಂಜಿಎಫ್ ಪ್ರಕರಣ ಎಂದೇ ಅದು ಪರಿಚಿತ, ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಅಂಥ ಷರತ್ತು ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಎಂದು ಹೇಳಿದೆ. ಸ್ವಂತ ದುಡಿಮೆಗಾಗಿ ತಾನೇ ಟ್ಯಾಕ್ಸಿ ಓಡಿಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಹತ್ತಾರು ಗಾಡಿ ಇಟ್ಟವರಿಗೆ ಆ ರಕ್ಷಣೆ ಇಲ್ಲ.

ಹಾಗಾದರೆ ಯಾರು ಕೊಳ್ಳಬಹುದು? ವರ್ಷಕ್ಕೆ ಒಂಬತ್ತು ಹತ್ತು ಸಾವಿರ ಕಿ.ಮೀ. ಓಡಿಸುವವರು, ಕನಿಷ್ಠ ನಾಲ್ಕು ವರ್ಷ ಕಾರು ಇಟ್ಟುಕೊಳ್ಳುವವರು, ಕಂಪನಿಯ ಹೆಸರಿನ ಪ್ಯಾಕೇಜ್ ಸಿಗುವವರು, ತಾರೀಕು ನೆನಪಿಡುವ ಶಿಸ್ತು ಇರುವವರು. ಸರ್ವಿಸ್ ಬೆಲೆ ಹೆಚ್ಚಿರುವ ಯುರೋಪಿಯನ್ ಕಾರುಗಳಲ್ಲಿ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ. ಎಲೆಕ್ಟ್ರಿಕ್ ಕಾರಿಗೆ ನಾನಂತೂ ಶಿಫಾರಸು ಮಾಡುವುದಿಲ್ಲ: ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಮೋಟಾರೇ ಬ್ರೇಕಿನ ಕೆಲಸದಲ್ಲಿ ಪಾಲು ಪಡೆಯುವುದರಿಂದ ಪ್ಯಾಡೂ ನಿಧಾನ ಸವೆಯುತ್ತದೆ. ಮುಂಗಡ ಕೊಡಲು ಅಲ್ಲಿ ಉಳಿಯುವುದೇ ಕಡಿಮೆ. ಡೆಲಿವರಿ ದಿನವೇ ತೀರ್ಮಾನಿಸಬೇಕಿಲ್ಲ ಎಂಬುದನ್ನೂ ಮರೆಯಬೇಡಿ. ಹಲವು ಕಂಪನಿಗಳ ಪ್ಯಾಕೇಜನ್ನು ಮೊದಲ ಸರ್ವಿಸ್ ಹೊತ್ತಿಗೂ ಕೊಳ್ಳಬಹುದು. ಅಷ್ಟರಲ್ಲಿ ನಿಮ್ಮ ತಿಂಗಳ ಓಡಾಟ ಎಷ್ಟೆಂದು ಮೀಟರೇ ಹೇಳಿರುತ್ತದೆ.

ಈಗಾಗಲೇ ಕೊಂಡಿದ್ದೀರಾದರೆ ಕಂಪನಿಯ ಆ್ಯಪ್ ತೆರೆದು ಮುಕ್ತಾಯದ ದಿನ ಮತ್ತು ಕಿ.ಮೀ. ನೋಡಿ, ಅದಕ್ಕೆ ಎರಡು ತಿಂಗಳು ಮೊದಲಿನ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ. ಆ ಕೊನೆಯ ಭೇಟಿಯಲ್ಲಿ ಬ್ರೇಕ್ ಪ್ಯಾಡಿನ ದಪ್ಪ ಎಷ್ಟು ಮಿಲಿಮೀಟರ್ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಮಿತಿಯ ಹತ್ತಿರವಿದ್ದರೆ ಅವಧಿ ಮುಗಿಯುವ ವಾರ ಇನ್ನೊಮ್ಮೆ ಅಳತೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೇ ಹೊರಬನ್ನಿ.